ವಿದ್ಯುತ್ ಬೇಲಿ ಎಂದು ಬರೆಯುವ ಮೊದಲು ಆ ಡಬ್ಬಿಯನ್ನು ನೋಡಿ

ವಿದ್ಯುತ್ ಬೇಲಿ ತಗುಲಿ ಕಾಡಾನೆ ಸಾವು. ಹಂದಿಗೆ ಕಟ್ಟಿದ್ದ ವಿದ್ಯುತ್ ತಂತಿ ತುಳಿದು ರೈತ ಸಾವು. ಜಿಲ್ಲಾ ಪುಟಕ್ಕೆ ಕೆಲಸ ಮಾಡಿದ ಯಾರಿಗೂ ಇಂಥ ತಲೆಬರಹಗಳು ಹೊಸತಲ್ಲ. ಸುದ್ದಿಯಲ್ಲಿ ಸತ್ತವರ ಹೆಸರು, ವಯಸ್ಸು, ಊರು ಇರುತ್ತದೆ. ಯಾವ ಠಾಣೆಯಲ್ಲಿ ಪ್ರಕರಣ ದಾಖಲಾಯಿತು, ಯಾವ ಅಧಿಕಾರಿ ಸ್ಥಳಕ್ಕೆ ಬಂದರು ಎಂಬುದೂ ಇರುತ್ತದೆ. ಒಂದು ವಿಷಯ ಮಾತ್ರ ಬಹಳ ಸಲ ಇರುವುದಿಲ್ಲ. ಆ ತಂತಿಗೆ ಕರೆಂಟ್ ಎಲ್ಲಿಂದ ಬಂದಿತ್ತು?

ಇದು ಸಣ್ಣ ಪ್ರಶ್ನೆಯಲ್ಲ. ಹೊಲದ ಸುತ್ತ ಕರೆಂಟ್ ಹರಿಯುವ ತಂತಿಗಳಲ್ಲಿ ಎರಡು ಜಾತಿ ಇವೆ. ಒಂದು, ಪಂಪ್‌ಸೆಟ್ಟಿನ ಸ್ಟಾರ್ಟರಿನಿಂದಲೋ ಕಂಬದ ಲೈನಿನಿಂದಲೋ ನೇರವಾಗಿ ಎಳೆದ ತಂತಿ. ಇನ್ನೊಂದು, ಬ್ಯಾಟರಿಗೆ ಜೋಡಿಸಿದ ಒಂದು ಸಣ್ಣ ಡಬ್ಬಿಯಿಂದ ಹೊರಟ ತಂತಿ. ಮೊದಲನೆಯದು ಕೊಲ್ಲುತ್ತದೆ. ಎರಡನೆಯದು ಹೆದರಿಸುತ್ತದೆ, ಹೆದರಿಸಿ ಬಿಟ್ಟುಬಿಡುತ್ತದೆ. ನಾವು ಎರಡಕ್ಕೂ 'ವಿದ್ಯುತ್ ಬೇಲಿ' ಎಂದೇ ಬರೆಯುತ್ತೇವೆ. ಓದಿದವರಿಗೆ ಎರಡೂ ಒಂದೇ ಆಗುತ್ತವೆ. ಸೋಲಾರ್ ಬೇಲಿ ಹಾಕಿಸಬೇಕೆಂದಿದ್ದ ರೈತ ಕೇಸಾದೀತು ಎಂದು ಹಿಂಜರಿಯುತ್ತಾನೆ. ನೇರ ಲೈನಿಗೆ ಕೊಕ್ಕೆ ಹಾಕುವವನು 'ಎಲ್ಲರೂ ಹಾಕ್ತಾರೆ, ನಾನೂ ಹಾಕಿದೀನಿ' ಎಂದು ಸಮಾಧಾನ ಮಾಡಿಕೊಳ್ಳುತ್ತಾನೆ.

ಹಾಸನ ಜಿಲ್ಲೆಯ ಮಟ್ಟಿಗೆ ಈ ಗೊಂದಲಕ್ಕೆ ದೊಡ್ಡ ಬೆಲೆಯೇ ಇದೆ. ಬೇಲೂರು ತಾಲ್ಲೂಕಿನ ಬಿಕ್ಕೋಡು, ಅರೇಹಳ್ಳಿ ಕಡೆಯ ಕಾಫಿ ತೋಟಗಳಲ್ಲಿ ಆನೆಗಳು ಬಂದು ಹೋಗುವ ಅತಿಥಿಗಳಾಗಿ ಉಳಿದಿಲ್ಲ, ಅಲ್ಲೇ ಬೀಡುಬಿಟ್ಟಿವೆ. ಭತ್ತ ಹಾಲುಗಟ್ಟುವ ಹೊತ್ತಿಗೆ ಗದ್ದೆಗೆ ಇಳಿಯುತ್ತವೆ. ಹಳೇಬೀಡಿನ ಬಯಲಿನಲ್ಲಿ ಮುಸುಕಿನ ಜೋಳ, ಆಲೂಗೆಡ್ಡೆಗೆ ಕಾಡುಹಂದಿ ಕಾಟ. ಅರಸೀಕೆರೆಯ ಒಣಭೂಮಿಯಲ್ಲಿ ರಾಗಿ, ಜೋಳಕ್ಕೆ ಹಂದಿ ನುಗ್ಗುತ್ತದೆ, ಗುಡ್ಡದ ಸೆರಗಿನ ಊರುಗಳಿಗೆ ಕರಡಿ, ಚಿರತೆಯ ಭಯ. ಹೊಯ್ಸಳೇಶ್ವರ ದೇವಸ್ಥಾನದ ಜಗತಿಯ ತೀರಾ ಕೆಳಗಿನ ಸಾಲಿನಲ್ಲಿ ಆನೆಗಳನ್ನು ಕೆತ್ತಿಟ್ಟಿರುವ ಸೀಮೆ ಇದು. ಆನೆ ಇಲ್ಲಿಗೆ ಹೊಸದಲ್ಲ. ಹೊಸದಾಗಿರುವುದು ಆನೆಗೂ ಹೊಲಕ್ಕೂ ನಡುವೆ ಬಂದಿರುವ ತಂತಿ.

ಲೆಕ್ಕ ನೋಡಿ. 2023ರ ಆನೆ ಗಣತಿಯಲ್ಲಿ ಕರ್ನಾಟಕದ ಆನೆಗಳ ಅಂದಾಜು ಸಂಖ್ಯೆ 6,395. ಇತ್ತ 2024ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ, ದೇಶದಲ್ಲಿ ಐದು ವರ್ಷಗಳಲ್ಲಿ ಅಸಹಜವಾಗಿ ಸತ್ತ ಆನೆಗಳು 528. ಅದರಲ್ಲಿ ವಿದ್ಯುತ್ ಆಘಾತಕ್ಕೆ ಬಲಿಯಾದವು 392. ರೈಲಿಗೆ ಸಿಕ್ಕವು 73, ಬೇಟೆಗೆ 50, ವಿಷಕ್ಕೆ 13. ಅಂದರೆ ನಾಲ್ಕರಲ್ಲಿ ಸುಮಾರು ಮೂರು ಕರೆಂಟಿಗೆ ಹೋಗಿವೆ. ಈ 392ರಲ್ಲಿ ಜೋತುಬಿದ್ದ ಲೈನುಗಳ ಪಾಲೂ ಇದೆ, ಹೊಲದ ತಂತಿಯ ಪಾಲೂ ಇದೆ. ಹಂದಿಗೆ ಇಟ್ಟ ತಂತಿಗೆ ಸಿಕ್ಕಿ ಸತ್ತ ಮನುಷ್ಯರು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ರಾತ್ರಿ ತ್ರೀಫೇಸ್ ಕೊಟ್ಟಾಗ ನೀರು ಹಾಯಿಸಲು ಹೊರಟ ಪಕ್ಕದ ಹೊಲದವನು, ಮುಂಜಾನೆ ಹಸುವಿಗೆ ಹುಲ್ಲು ತರಲು ಹೋದ ಹೆಂಗಸು, ಕೆಲವೊಮ್ಮೆ ತಂತಿ ಕಟ್ಟಿದ ರೈತ ತಾನೇ ಸಿಕ್ಕಿಹಾಕಿಕೊಳ್ಳುತ್ತಾನೆ.

ಹಾಗಾದರೆ ನೇರ ಲೈನು ಕೊಲ್ಲುವುದು ಹೇಗೆ? ಮನೆಯ ಕರೆಂಟು 230 ವೋಲ್ಟ್. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತ ಮನುಷ್ಯನ ದೇಹದ ತಡೆ ಸುಮಾರು ಸಾವಿರ ಓಮ್ ಎಂದಿಟ್ಟುಕೊಂಡರೆ, ಮೈಯಲ್ಲಿ ಹರಿಯುವುದು 230 ಮಿಲಿಆಂಪಿಯರ್. ಹತ್ತು ಹದಿನೈದು ಮಿಲಿಆಂಪಿಯರ್ ದಾಟಿದರೆ ಸಾಕು, ಕೈಯ ಸ್ನಾಯು ಬಿಗಿದುಕೊಂಡು ತಂತಿ ಬಿಡಲಿಕ್ಕೆ ಆಗುವುದಿಲ್ಲ. ಐವತ್ತರ ಆಸುಪಾಸಿನಲ್ಲಿ ಕೆಲವು ಸೆಕೆಂಡು ಹರಿದರೆ ಹೃದಯದ ಲಯವೇ ತಪ್ಪಬಹುದು. ಇಲ್ಲಿ ಅದರ ನಾಲ್ಕೈದು ಪಟ್ಟು ಕರೆಂಟು ಬಿಡುವಿಲ್ಲದೆ ಹರಿಯುತ್ತದೆ.

'ಫ್ಯೂಸ್ ಹೋಗುತ್ತಲ್ಲ' ಎನ್ನುವವರಿದ್ದಾರೆ. ಹೋಗುವುದಿಲ್ಲ. ಪಂಪ್‌ಸೆಟ್ಟಿನ ಫ್ಯೂಸು ಹತ್ತಿಪ್ಪತ್ತು ಆಂಪಿಯರ್ ತಡೆಯುವಂಥದ್ದು. ಒಬ್ಬ ಮನುಷ್ಯನನ್ನು ಕೊಲ್ಲುವ ಕಾಲು ಆಂಪಿಯರ್ ಕರೆಂಟು ಅದರ ಗಮನಕ್ಕೇ ಬರುವುದಿಲ್ಲ. ಸತ್ತವರು ತಂತಿಯ ಮೇಲೇ ಬಿದ್ದಿದ್ದರೂ ಲೈನು ಹಾಗೇ ಇರುತ್ತದೆ, ಬಿಡಿಸಲು ಹೋದವರನ್ನೂ ಎಳೆದುಕೊಳ್ಳುತ್ತದೆ. ಒಂದೇ ಮನೆಯ ಇಬ್ಬರು ಮೂವರು ಒಟ್ಟಿಗೆ ಸಾಯುವ ಸುದ್ದಿಗಳ ಹಿಂದಿನ ಕಾರಣ ಇದೇ.

ಈಗ ಎರಡನೆಯ ಜಾತಿಯ ಬೇಲಿಗೆ ಬರೋಣ. ನಮ್ಮ ಕಡೆ ಇದನ್ನು ಸೋಲಾರ್ ಬೇಲಿ ಅನ್ನುತ್ತಾರೆ, ಕಂಪನಿಯ ಹೆಸರೇ ಅಂಟಿಕೊಂಡು ಐಬೆಕ್ಸ್ ಬೇಲಿ ಅಂತಲೂ ಅನ್ನುತ್ತಾರೆ. ಸೋಲಾರ್ ಎಂಬುದು ಬರೀ ಬ್ಯಾಟರಿ ತುಂಬುವ ಪ್ಯಾನೆಲ್. ನಿಜವಾದ ಕೆಲಸ ಮಾಡುವುದು ಎನರ್ಜೈಸರ್ ಎಂಬ ಡಬ್ಬಿ. ಟಿಫನ್ ಕ್ಯಾರಿಯರ್ ಗಾತ್ರದ ಈ ಡಬ್ಬಿ ಒಂದು ಹೈವೋಲ್ಟೇಜ್ ಪಲ್ಸ್ ಜನರೇಟರ್. ಸೆಕೆಂಡಿಗೊಂದು ಸಲ ಟಿಕ್ ಎನ್ನುತ್ತದೆ. ಆ ಟಿಕ್‌ನಲ್ಲೇ ಅದರ ಜಾಣತನವೆಲ್ಲ ಇದೆ.

ಒಳಗೆ ನಡೆಯುವುದು ಇಷ್ಟು. 12 ವೋಲ್ಟ್ ಬ್ಯಾಟರಿಯ ಕರೆಂಟನ್ನು ಒಂದು ಸಣ್ಣ ಸರ್ಕ್ಯೂಟ್ ಐನೂರು ಆರುನೂರು ವೋಲ್ಟಿಗೆ ಏರಿಸಿ, ನಿಧಾನವಾಗಿ ಒಂದು ಕೆಪಾಸಿಟರಿನಲ್ಲಿ ತುಂಬುತ್ತದೆ. ಕೆಪಾಸಿಟರ್ ಅಂದರೆ ಓವರ್‌ಹೆಡ್ ಟ್ಯಾಂಕ್ ಎಂದುಕೊಳ್ಳಿ. ಬೋರ್‌ವೆಲ್ ಸಣ್ಣಗೆ ಸುರಿದರೂ ಟ್ಯಾಂಕ್ ತುಂಬಿದ ಮೇಲೆ ಗೇಟ್‌ವಾಲ್ವ್ ಒಮ್ಮೆಲೇ ತೆಗೆದರೆ ನೀರು ರಭಸದಿಂದ ನುಗ್ಗುತ್ತದಲ್ಲ, ಹಾಗೆ. ಇಲ್ಲಿ ಗೇಟ್‌ವಾಲ್ವ್ ಕೆಲಸ ಮಾಡುವುದು ಥೈರಿಸ್ಟರ್. ಅದು ತೆರೆದ ಕೂಡಲೇ ತುಂಬಿದ್ದ ಕರೆಂಟೆಲ್ಲ ಪಲ್ಸ್ ಟ್ರಾನ್ಸ್‌ಫಾರ್ಮರಿನ ಒಂದು ಸುತ್ತಿಗೆ ನುಗ್ಗುತ್ತದೆ. ಇನ್ನೊಂದು ಸುತ್ತಿನಲ್ಲಿ ಹದಿನೈದು ಪಟ್ಟು ಹೆಚ್ಚು ಸುತ್ತುಗಳಿದ್ದರೆ, ಬೇಲಿಗೆ ಎಂಟೊಂಬತ್ತು ಸಾವಿರ ವೋಲ್ಟ್ ಹೋಗುತ್ತದೆ. ಇದೆಲ್ಲ ಮುಗಿಯುವುದು ಸೆಕೆಂಡಿನ ಹತ್ತು ಸಾವಿರದ ಒಂದೆರಡು ಭಾಗದಲ್ಲಿ. ಆಮೇಲೆ ಒಂದು ಸೆಕೆಂಡು ತಂತಿ ಸತ್ತಂತೆ ಸುಮ್ಮನಿರುತ್ತದೆ.

ಎಂಟು ಸಾವಿರ ವೋಲ್ಟ್ ಎಂದರೆ ಎದೆ ಝಲ್ ಎನ್ನುತ್ತದೆ. ಆದರೆ ಕೊಲ್ಲುವುದು ವೋಲ್ಟಲ್ಲ. ಎಷ್ಟು ಕರೆಂಟು, ಎಷ್ಟು ಹೊತ್ತು ಎಂಬ ಎರಡನ್ನೂ ಕೂಡಿಸಿ ನೋಡಬೇಕು. 20 ಮೈಕ್ರೋಫ್ಯಾರಡ್ ಕೆಪಾಸಿಟರನ್ನು 600 ವೋಲ್ಟಿಗೆ ತುಂಬಿದರೆ ಅದರಲ್ಲಿರುವ ಶಕ್ತಿ 3.6 ಜೂಲ್. ಅಷ್ಟೇ. ಅರವತ್ತು ವ್ಯಾಟಿನ ಹಳೇ ಬಲ್ಬು ಒಂದು ಸೆಕೆಂಡಿಗೆ ತಿನ್ನುವುದು ಅರವತ್ತು ಜೂಲ್. ಪ್ರಾಣಿ ಮುಟ್ಟಿದ ಕ್ಷಣದಲ್ಲಿ ಏಳೆಂಟು ಆಂಪಿಯರ್ ಹರಿದರೂ, ಹೃದಯಕ್ಕೆ ಅದು ಗೊತ್ತಾಗುವ ಮೊದಲೇ ಪಲ್ಸ್ ಮುಗಿದಿರುತ್ತದೆ. ನರಕ್ಕೆ ಮಾತ್ರ ಗೊತ್ತಾಗುತ್ತದೆ, ಚೆನ್ನಾಗಿಯೇ ಗೊತ್ತಾಗುತ್ತದೆ. ಮುಂದಿನ ಪಲ್ಸ್ ಬರುವ ಮೊದಲು ಸಿಗುವ ಆ ಒಂದು ಸೆಕೆಂಡಿನಲ್ಲಿ ಸ್ನಾಯು ಸಡಿಲವಾಗಿ ಕೈಯೋ ಕಾಲೋ ಸೊಂಡಿಲೋ ತಂತಿ ಬಿಟ್ಟುಬಿಡುತ್ತದೆ.

ಅಂತರರಾಷ್ಟ್ರೀಯ ಮಾನದಂಡ ಐಇಸಿ 60335-2-76 ಈ ಡಬ್ಬಿಗಾಗಿಯೇ ಇರುವುದು. ಪಲ್ಸುಗಳು ಸೆಕೆಂಡಿಗೆ ಒಂದಕ್ಕಿಂತ ಹೆಚ್ಚಬಾರದು. 500 ಓಮ್ ತಡೆಗೆ, ಅಂದರೆ ಹೆಚ್ಚುಕಡಿಮೆ ಒಂದು ದೇಹಕ್ಕೆ, ಒಂದು ಪಲ್ಸಿನಲ್ಲಿ 5 ಜೂಲ್ ಮೀರಬಾರದು. ನಮ್ಮ ದೇಶದಲ್ಲೂ ಐಎಸ್ 302ರಲ್ಲಿ ಇದಕ್ಕೊಂದು ಪ್ರತ್ಯೇಕ ಭಾಗವಿದೆ. ಮುಳ್ಳುತಂತಿಗೆ ಎನರ್ಜೈಸರ್ ಜೋಡಿಸಬಾರದು, ಒಂದು ಬೇಲಿಗೆ ಎರಡು ಡಬ್ಬಿ ಕೊಡಬಾರದು ಎಂಬ ಮಾತೂ ಮಾನದಂಡದಲ್ಲಿ ಬರುತ್ತದೆ. ಮುಳ್ಳಿಗೆ ಸಿಕ್ಕಿಕೊಂಡವನು ಬಿಡಿಸಿಕೊಳ್ಳಲಾರ. ಎರಡು ಡಬ್ಬಿಯ ಪಲ್ಸು ಸೇರಿದರೆ ಆ ಒಂದು ಸೆಕೆಂಡಿನ ಬಿಡುವೇ ಇಲ್ಲವಾಗುತ್ತದೆ. ನಿಯಮ ಪಾಲಿಸಿದ ಬೇಲಿಯೂ ಆಟದ ಸಾಮಾನಲ್ಲ. ತಲೆ, ಕುತ್ತಿಗೆ ತಂತಿಗೆ ತಾಗಬಾರದು, ಮಕ್ಕಳನ್ನು ದೂರ ಇಡಬೇಕು, ಎಚ್ಚರಿಕೆಯ ಫಲಕ ಇರಲೇಬೇಕು.

ಇದು ರಾಕೆಟ್ ವಿಜ್ಞಾನವೂ ಅಲ್ಲ. ಕುರಿ, ದನ ಸಾಕುವ ನ್ಯೂಜಿಲೆಂಡಿನಲ್ಲಿ, 1960ರ ದಶಕದಲ್ಲಿ ರುವಾಕುರಾ ಸಂಶೋಧನಾ ಕೇಂದ್ರದಲ್ಲಿ ಈ ಕೆಪಾಸಿಟರ್ ಮಾದರಿಯ ಬೇಲಿ ರೂಪುಗೊಂಡಿತು. ಅನೇಕ ಬೈಕುಗಳಲ್ಲಿದ್ದ ಸಿಡಿಐ ಘಟಕದ ಒಳಗೆ ಇರುವುದೂ ಇದೇ ಮೂರು: ತುಂಬುವ ಕೆಪಾಸಿಟರ್, ಬಿಡುವ ಥೈರಿಸ್ಟರ್, ಏರಿಸುವ ಕಾಯಿಲ್. ಅಲ್ಲಿ ಕಿಡಿ ಪ್ಲಗ್ಗಿನಲ್ಲಿ, ಇಲ್ಲಿ ತಂತಿಯಲ್ಲಿ. ಹಳೇ ಡಬ್ಬಾ ಟಿವಿ ರಿಪೇರಿ ಮಾಡುತ್ತಿದ್ದವರಿಗೆ ಇಪ್ಪತ್ತು ಸಾವಿರ ವೋಲ್ಟಿನ ಟ್ರಾನ್ಸ್‌ಫಾರ್ಮರ್ ದಿನದ ಮಾತಾಗಿತ್ತು. ಅರಸೀಕೆರೆ, ಬೇಲೂರಿನಂಥ ಪೇಟೆಗಳಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಗಳಿವೆ. ತಾಮ್ರದ ತಂತಿ ಸುತ್ತುವ ಕೈಗೆ ಇಲ್ಲಿ ಬರವಿಲ್ಲ.

ಆದರೂ ಒಂದು ಒಳ್ಳೆಯ ಪಲ್ಸ್ ಟ್ರಾನ್ಸ್‌ಫಾರ್ಮರ್ ಸುತ್ತುವುದು ಮೋಟಾರ್ ಸುತ್ತಿದಷ್ಟು ಸರಳವಲ್ಲ. ಕಷ್ಟ ಇರುವುದು ಡಬ್ಬಿ ಸಣ್ಣದಿರಬೇಕು ಎಂಬಲ್ಲಿ. ಎರಡು ಸುತ್ತುಗಳು ಒಂದಕ್ಕೊಂದು ಹತ್ತಿರ ಇದ್ದಷ್ಟೂ ಶಕ್ತಿ ಪೋಲಾಗದೆ ಬೇಲಿಗೆ ದಾಟುತ್ತದೆ. ದೂರ ಇಟ್ಟರೆ ಪಲ್ಸ್ ಮೊಂಡಾಗುತ್ತದೆ. ಹತ್ತಿರ ತಂದರೆ ಒಂಬತ್ತು ಸಾವಿರ ವೋಲ್ಟ್ ನಡುವಿನ ನಿರೋಧಕವನ್ನು ಸೀಳಲು ನೋಡುತ್ತದೆ. ಅದಕ್ಕೇ ಪದರಕ್ಕೆ ಪದರ ಪಾಲಿಯೆಸ್ಟರ್ ಹಾಳೆ ಕೊಟ್ಟು, ಪ್ರತಿ ಪದರದ ಅಂಚಿನಲ್ಲಿ ಜಾಗ ಬಿಟ್ಟು, ಕೊನೆಗೆ ಗಾಳಿಯೆಲ್ಲ ಹೊರಗೆಳೆದು ವಾರ್ನಿಷ್ ಅಥವಾ ಎಪಾಕ್ಸಿ ತುಂಬಬೇಕು. ಒಳಗೆ ಒಂದು ಸಣ್ಣ ಗಾಳಿಗುಳ್ಳೆ ಉಳಿದರೂ ಪ್ರತಿ ಸೆಕೆಂಡು ಅಲ್ಲೊಂದು ಕಿಡಿ ಮಿಣುಕಿ, ತಿಂಗಳುಗಟ್ಟಲೆ ನಿರೋಧಕವನ್ನು ಕೊರೆದು, ಒಂದು ದಿನ ಡಬ್ಬಿ ಸಾಯುತ್ತದೆ. ದಿನಕ್ಕೆ ಹನ್ನೆರಡು ಗಂಟೆ ನಡೆದರೆ ಪಲ್ಸುಗಳು ನಲವತ್ತು ಸಾವಿರ ದಾಟುತ್ತವೆ. ತಾಳಿಕೆ ಅಂದರೆ ಅದು.

ಕಬ್ಬಿಣದ ಕೋರ್ ಚಿಕ್ಕದು ಮಾಡಿ ತಾಮ್ರ ಉಳಿಸಿದರೆ ಕೋರ್ ಬೇಗ ತುಂಬಿಕೊಂಡು, ವೋಲ್ಟ್ ಕುಸಿಯುತ್ತದೆ. ಡಬ್ಬಿಯ ಹೊರಗಡೆ ಅದೇ ಬಣ್ಣ, ಅದೇ ಟಿಕ್ ಸದ್ದು. ಬರೀ ತಂತಿ ಇಲ್ಲದೆ ಪರೀಕ್ಷಿಸಿದರೆ ಅದೂ ಎಂಟು ಸಾವಿರ ತೋರಿಸುತ್ತದೆ. ಒಂದು ಕಿಲೋಮೀಟರ್ ತಂತಿ, ನಾಲ್ಕು ಕಡೆ ತಾಗುವ ಹುಲ್ಲು ಸೇರಿದ ಮೇಲೆ ಅದು ಸಾವಿರಕ್ಕೆ ಇಳಿದಿರುತ್ತದೆ. ಆದ್ದರಿಂದ ಅಂಗಡಿಯಲ್ಲಿ 'ಎಷ್ಟು ವೋಲ್ಟ್', 'ಎಷ್ಟು ಕಿಲೋಮೀಟರ್' ಎಂದು ಕೇಳಿದರೆ ಸಾಲದು. ಒಂದು ಪಲ್ಸಿಗೆ ಎಷ್ಟು ಜೂಲ್ ಹೊರಗೆ ಬರುತ್ತದೆ, 500 ಓಮ್ ಹೊರೆಯಲ್ಲಿ ಎಷ್ಟು ವೋಲ್ಟ್ ಉಳಿಯುತ್ತದೆ ಎಂದು ಕೇಳಬೇಕು. ಉತ್ತರ ಡಬ್ಬಿಯ ಮೇಲೆ ಬರೆದಿಲ್ಲದಿದ್ದರೆ ಆ ಡಬ್ಬಿ ಬೇಡ.

ಡಬ್ಬಿ ಒಳ್ಳೆಯದೇ ಇದ್ದರೂ ನೆಲ ಕೈಕೊಡಬಹುದು. ಕರೆಂಟು ತಂತಿಯಿಂದ ಪ್ರಾಣಿಯ ಮೈಗೆ, ಕಾಲಿನಿಂದ ನೆಲಕ್ಕೆ, ನೆಲದಿಂದ ಅರ್ಥಿಂಗ್ ಸರಳಿನ ಮೂಲಕ ಡಬ್ಬಿಗೆ ವಾಪಸ್ ಬಂದರೆ ಮಾತ್ರ ಶಾಕ್. ಈ ಸುತ್ತು ಪೂರ್ತಿಯಾಗಬೇಕು. ಇಲ್ಲೇ ನಮ್ಮ ಮೂರೂ ಕಡೆಗಳ ಕಥೆ ಬೇರೆಯಾಗುವುದು. ಬೇಲೂರಿನ ಮಲೆನಾಡು ಸೆರಗಿನಲ್ಲಿ ಮಳೆಗಾಲ ಪೂರ್ತಿ ನೆಲ ಒದ್ದೆ. ಅರ್ಥಿಂಗ್ ಚೆನ್ನಾಗಿ ಸಿಗುತ್ತದೆ, ಆದರೆ ಹುಲ್ಲು, ಬಳ್ಳಿ ವಾರಕ್ಕೆ ಮೊಣಕಾಲುದ್ದ ಬೆಳೆದು ತಂತಿಯ ಕರೆಂಟನ್ನೆಲ್ಲ ನೆಲಕ್ಕೆ ಇಳಿಸಿಬಿಡುತ್ತದೆ. ಡಬ್ಬಿಯೊಳಗೂ ತೇವ, ಬೂಷ್ಟು. ಅರಸೀಕೆರೆಯಲ್ಲಿ ಉಲ್ಟಾ. ಹುಲ್ಲಿನ ಕಾಟವಿಲ್ಲ, ಆದರೆ ಬೇಸಿಗೆಯ ಕಲ್ಲುನೆಲ ಒಣಗಿ ಕರೆಂಟು ವಾಪಸ್ ಬರುವ ದಾರಿಯೇ ಇಲ್ಲ. ಹಂದಿ ತಂತಿ ಮುಟ್ಟಿದರೂ ಅದಕ್ಕೆ ಇರುವೆ ಕಚ್ಚಿದಷ್ಟು. ನಡುವಿನ ಹಳೇಬೀಡಿನಲ್ಲಿ ಶ್ರಾವಣದಲ್ಲಿ ಬೇಲೂರಿನ ರೋಗ, ಮಾಘದಲ್ಲಿ ಅರಸೀಕೆರೆಯ ರೋಗ.

ಒಂದೇ ನಕ್ಷೆಯ ಬೇಲಿಯನ್ನು ಮೂರೂ ಕಡೆ ಹಾಕಿದರೆ ಒಂದು ಕಡೆಯಾದರೂ ಸೋಲುವುದು ಖಂಡಿತ. ಒಣನೆಲದಲ್ಲಿ ಒಂದು ತಂತಿಗೆ ಪಲ್ಸ್, ಪಕ್ಕದ ತಂತಿಗೆ ಅರ್ಥ್ ಕೊಟ್ಟು, ಪ್ರಾಣಿ ಎರಡನ್ನೂ ಒಟ್ಟಿಗೆ ಮುಟ್ಟುವಂತೆ ಮಾಡಬೇಕು. ಒಂದರ ಬದಲು ಮೂರು ನಾಲ್ಕು ಸರಳು ಆಳಕ್ಕೆ ಹೊಡೆದು, ನೀರು ಬೀಳುವ ಕಡೆ ಇಡಬೇಕು. ತೇವದ ಸೀಮೆಯಲ್ಲಿ ಹುಲ್ಲು ಸವರುವ ಕೂಲಿಯನ್ನೂ ಬೇಲಿಯ ಖರ್ಚಿನಲ್ಲೇ ಸೇರಿಸಬೇಕು. ಬೇಲಿಯ ಅರ್ಥಿಂಗ್ ಪಂಪ್‌ಸೆಟ್ಟಿನ, ಮನೆಯ ಅರ್ಥಿಂಗಿನಿಂದ ಕನಿಷ್ಠ ಹತ್ತು ಮೀಟರ್ ದೂರ ಇರಬೇಕು. ಡಬ್ಬಿಯಿಂದ ಬೇಲಿಯವರೆಗೆ ಮನೆಯ ವೈರಿಂಗ್‌ಗೆ ಬಳಸುವ 1,100 ವೋಲ್ಟಿನ ಸಾಮಾನ್ಯ ವೈರ್ ಎಳೆದರೆ, ಒಂಬತ್ತು ಸಾವಿರ ಅದರ ಸಿಪ್ಪೆ ಸೀಳಿ ದಾರಿಯಲ್ಲೇ ಸೋರಿಹೋಗುತ್ತದೆ. ಇವೆಲ್ಲ ಸಣ್ಣ ಸಣ್ಣ ವಿಷಯಗಳು. ಬೇಲಿ ಬದುಕುವುದೂ ಸಾಯುವುದೂ ಇವುಗಳಲ್ಲೇ.

ಅರಣ್ಯ ಇಲಾಖೆ ಸೋಲಾರ್ ಬೇಲಿಗೆ ಸಹಾಯಧನ ಕೊಡುತ್ತದೆ. ಅದು ಒಳ್ಳೆಯದೇ. ಆದರೆ ಯೋಜನೆಯ ಕಣ್ಣು ಇರುವುದು ಕಂಬ ಎಷ್ಟು, ತಂತಿ ಎಷ್ಟು ಸಾಲು, ಉದ್ದ ಎಷ್ಟು ಎಂಬುದರ ಮೇಲೆ. ಫೋಟೋದಲ್ಲಿ ಕಾಣುವುದು ಕಂಬ, ತಂತಿ, ಹೊಳೆಯುವ ಪ್ಯಾನೆಲ್. ಎಷ್ಟು ಕಿಲೋಮೀಟರ್ ಬೇಲಿ ಹಾಕಿದೆವು ಎಂದು ಸದನದಲ್ಲಿ ಹೇಳಬಹುದು. ಈ ರಾತ್ರಿ ಅದರಲ್ಲಿ ಎಷ್ಟು ಕಿಲೋಮೀಟರಿನಲ್ಲಿ ಐದು ಸಾವಿರ ವೋಲ್ಟ್ ಇದೆ ಎಂದು ಯಾರು ಹೇಳಬೇಕು? ಕರೆಂಟಿಲ್ಲದ ಬೇಲಿ ಆನೆಗೆ ಬಟ್ಟೆ ಒಣಗಿಸುವ ಹಗ್ಗ. ಒಮ್ಮೆ ಮುಟ್ಟಿ ಏನೂ ಆಗಲಿಲ್ಲ ಎಂದು ಕಲಿತ ಆನೆ ಮುಂದೆ ಒಳ್ಳೆಯ ಬೇಲಿಯನ್ನೂ ನಂಬುವುದಿಲ್ಲ. ಸರಿಯಿಲ್ಲದ ಬೇಲಿ ತಾನು ಕೆಡುವುದಲ್ಲದೆ ಅಕ್ಕಪಕ್ಕದ ಬೇಲಿಗಳನ್ನೂ ಕೆಡಿಸುತ್ತದೆ.

ಇನ್ನು ಡಬ್ಬಿ ಕೆಟ್ಟಾಗಿನ ಕಥೆ. ಮುಂಗಾರಿಗೆ ಮೊದಲಿನ ಗುಡುಗು ಮಳೆಯಲ್ಲಿ ಸಿಡಿಲು ಹತ್ತಿರದಲ್ಲಿ ಬಡಿದರೆ, ಅರ್ಧ ಮೈಲಿ ಉದ್ದದ ತಂತಿ ಅದನ್ನು ಹಿಡಿದು ತಂದು ಟ್ರಾನ್ಸ್‌ಫಾರ್ಮರಿಗೆ ಸುರಿಯುತ್ತದೆ. ಸಿಡಿಲು ತಡೆಯುವ ಸಾಧನ ಕೊಟ್ಟಿಲ್ಲವಾದರೆ ಡಬ್ಬಿ ಅಲ್ಲಿಗೆ ಮುಗಿಯಿತು. ರಿಪೇರಿಗೆ ಬೆಂಗಳೂರಿಗೆ ಕಳಿಸಿದರೆ ವಾರಗಳೇ ಹಿಡಿಯಬಹುದು. ಹೊಲದಲ್ಲಿ ಜೋಳ ತೆನೆ ಕಟ್ಟಿದೆ. ಹಂದಿ ಒಂದು ರಾತ್ರಿ ಬಂದರೆ ಸಾಕು, ಸಾಲ ತೀರಿಸುವ ಬೆಳೆ ನೆಲಸಮ. ಕಂಬ ಇದೆ, ತಂತಿ ಇದೆ, ಹತ್ತು ಮಾರು ದೂರದಲ್ಲಿ ಪಂಪ್‌ಸೆಟ್ಟಿನ ಲೈನ್ ಇದೆ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ಲೂ ಇಲ್ಲ. ಇಂಥ ರಾತ್ರಿ ಒಂದು ತುಂಡು ವೈರು ಎಳೆದರೆ ಕಾಯುವ ಬೇಲಿ ಕೊಲ್ಲುವ ಬೇಲಿಯಾಗುತ್ತದೆ. ನೋಡಿದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೊನ್ನೆವರೆಗೆ ಚುರ್ ಎಂದು ಬಿಡುತ್ತಿದ್ದ ತಂತಿ ಎಂದು ಅಕ್ಕಪಕ್ಕದವರೂ ಎಚ್ಚರ ತಪ್ಪುತ್ತಾರೆ.

ಹಾಗೆ ಎಳೆದವನ ಮೇಲೆ ಕೇಸಾಗುತ್ತದೆ, ಆಗಲೇಬೇಕು. ವಿದ್ಯುತ್ ಕಾಯ್ದೆ 2003ರ 135ನೇ ಸೆಕ್ಷನ್ ಪ್ರಕಾರ ಅದು ಕರೆಂಟ್ ಕಳವು, ಮೂರು ವರ್ಷದವರೆಗೆ ಸಜೆಯಾಗಬಹುದು. ಆನೆ ಸತ್ತರೆ ವನ್ಯಜೀವಿ ಕಾಯ್ದೆ, ಮನುಷ್ಯ ಸತ್ತರೆ ಅದಕ್ಕಿಂತ ಗಂಭೀರ ಪ್ರಕರಣ. ಆದರೆ ಕೇಸಿನಿಂದ ಮುಂದಿನ ಸಾವು ನಿಲ್ಲುವುದಿಲ್ಲ. ಕಾನೂನು ಬರುವುದು ಹೆಣ ಬಿದ್ದ ಮೇಲೆ. ಡಬ್ಬಿ ಮೂರು ದಿನದಲ್ಲಿ ರಿಪೇರಿಯಾಗಿ ಬರುತ್ತದೆ ಎಂಬ ಭರವಸೆ ಇದ್ದಿದ್ದರೆ, ಅಥವಾ ಅಷ್ಟು ದಿನಕ್ಕೆ ಬದಲಿ ಡಬ್ಬಿ ಸಿಗುವಂತಿದ್ದರೆ ಆ ವೈರು ಎಳೆಯುವ ಯೋಚನೆ ಎಷ್ಟು ಮನೆಗಳಲ್ಲಿ ಬರುತ್ತಿತ್ತು?

ಇಷ್ಟಕ್ಕೂ ಬೇಲಿಯೇ ಎಲ್ಲಕ್ಕೂ ಮದ್ದು ಎಂದು ನಾನು ಹೇಳುತ್ತಿಲ್ಲ. ಗಂಡಾನೆ ದಂತದಿಂದ ತಂತಿ ಎತ್ತಿ ಮುರಿಯುತ್ತದೆ, ದಂತಕ್ಕೆ ಶಾಕ್ ತಟ್ಟುವುದು ಕಡಿಮೆ. ಮರ ಬೀಳಿಸಿ ಬೇಲಿ ಮಲಗಿಸುತ್ತದೆ. ಒಬ್ಬನ ಬೇಲಿ ಗಟ್ಟಿಯಾದರೆ ಆನೆ ಪಕ್ಕದವನ ಗದ್ದೆಗೆ ಹೋಗುತ್ತದೆ, ಆ ಪಕ್ಕದವನು ಸಾಮಾನ್ಯವಾಗಿ ಬೇಲಿ ಹಾಕಿಸಲಾಗದ ಬಡವ. ಹೈಕೋರ್ಟ್ ರಚಿಸಿದ್ದ, ರಾಮನ್ ಸುಕುಮಾರ್ ಅಧ್ಯಕ್ಷತೆಯ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಾಗಲೇ ಹಾಸನದ ಆನೆ ಸಮಸ್ಯೆ ಬಿಡಿ ರೈತರ ಮಟ್ಟದಲ್ಲಿ ಬಗೆಹರಿಯುವಂಥದ್ದಾಗಿ ಉಳಿದಿರಲಿಲ್ಲ. ಹಿಡಿದು ಸಾಗಿಸುವ ದಾರಿ ಎಷ್ಟು ಕಷ್ಟದ್ದು ಎಂಬುದು 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆಯೊಂದಿಗಿನ ಕಾಳಗದಲ್ಲಿ ದಸರಾ ಆನೆ ಅರ್ಜುನ ಸತ್ತಾಗ ಇಡೀ ರಾಜ್ಯಕ್ಕೆ ಗೊತ್ತಾಯಿತು. ರೈಲ್ವೆ ಕಂಬಿಯ ತಡೆ, ತೂಗುವ ಸೋಲಾರ್ ತಂತಿ, ಆನೆ ಬಂದ ಸುದ್ದಿ ಮುಟ್ಟಿಸುವ ವ್ಯವಸ್ಥೆ ಎಲ್ಲವೂ ಬೇಕು. ಆದರೆ ಬೇಲಿ ಹಾಕುವುದಂತೂ ನಿಲ್ಲುವುದಿಲ್ಲ. ಹಾಕುವ ಬೇಲಿ ಕೊಲ್ಲದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿರುವ ಕೆಲಸ.

ಅದಕ್ಕೆ ಏನು ಮಾಡಬಹುದು? ಮೊದಲನೆಯದು, ಸಹಾಯಧನದ ಕಾಗದದಲ್ಲಿ ಡಬ್ಬಿಗೆ ಪ್ರತ್ಯೇಕ ಜಾಗ ಕೊಡಬೇಕು. ಮಾನದಂಡದ ಗುರುತು, ಜೂಲ್, ಸಿಡಿಲು ರಕ್ಷಣೆ, ಅರ್ಥಿಂಗ್ ಸರಳುಗಳ ಸಂಖ್ಯೆ ಬರೆದಿರಲೇಬೇಕು. ಕೊನೆಯ ಕಂತು ಕೊಡುವ ಮೊದಲು ಬೇಲಿಯ ಕಟ್ಟಕಡೆಯ ಕಂಬದಲ್ಲಿ ಮೀಟರ್ ಹಿಡಿದು ವೋಲ್ಟ್ ಬರೆದುಕೊಳ್ಳಬೇಕು. ಒಣನೆಲದ ಅರಸೀಕೆರೆಗೂ ಒದ್ದೆನೆಲದ ಬೇಲೂರಿಗೂ ಬೇರೆ ಬೇರೆ ವಿನ್ಯಾಸ ಒಪ್ಪಬೇಕು.

ಎರಡನೆಯದು, ರಿಪೇರಿ. ತಾಲ್ಲೂಕಿಗೊಂದು ರಿಪೇರಿ ಕೇಂದ್ರ, ಅದರಲ್ಲಿ ಹತ್ತು ಬದಲಿ ಡಬ್ಬಿ ಇದ್ದರೆ ಅದರ ಖರ್ಚು ಒಂದು ಆನೆ ಸೆರೆ ಕಾರ್ಯಾಚರಣೆಯ ಮುಂದೆ ಏನೂ ಅಲ್ಲ. ಕೆಲಸ ಕಲಿಸಲು ಜನ ಇದ್ದಾರೆ. ಹಾಸನದಲ್ಲಿ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇದೆ. ಅದೇ ವರ್ಷ ಶುರುವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಸಿಪಿಆರ್‌ಐ, ಬೆಂಗಳೂರಿನಲ್ಲಿದೆ. ಸಿಡಿಲಿನಂಥ ಹೈವೋಲ್ಟೇಜ್ ಪಲ್ಸುಗಳನ್ನು ಕಟ್ಟಿ ದೊಡ್ಡ ದೊಡ್ಡ ಟ್ರಾನ್ಸ್‌ಫಾರ್ಮರುಗಳನ್ನು ಪರೀಕ್ಷಿಸುವುದು ಅಂಥ ಪ್ರಯೋಗಾಲಯಗಳ ನಿತ್ಯದ ಕೆಲಸ. ಲಕ್ಷಗಟ್ಟಲೆ ವೋಲ್ಟಿನ ಪಲ್ಸ್ ಕಟ್ಟಬಲ್ಲ ರಾಜ್ಯಕ್ಕೆ ಒಂಬತ್ತು ಸಾವಿರ ವೋಲ್ಟಿನ ಡಬ್ಬಿಯನ್ನು ನಮ್ಮ ಮಣ್ಣಿಗೆ, ಮಳೆಗೆ ತಕ್ಕಂತೆ ರೂಪಿಸಿ ಐಟಿಐ ಹುಡುಗರಿಗೆ ಕಲಿಸುವುದು ಆಗದ ಮಾತಲ್ಲ. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಊರಲ್ಲೇ ಇರಬೇಕೆನ್ನುವ ಹುಡುಗ ಹುಡುಗಿಯರಿಗೆ ಇದೊಂದು ಕಸುಬೂ ಆಗುತ್ತದೆ. ಆದರೆ ಪರೀಕ್ಷೆ ಇಲ್ಲದೆ ಮೂಲೆಯಂಗಡಿಯಲ್ಲಿ ಕಟ್ಟಿದ ಡಬ್ಬಿ ಬೇಡ. ಥೈರಿಸ್ಟರ್ ಕೆಟ್ಟಾಗ, ಬ್ಯಾಟರಿಗೆ ಮನೆಯ ಚಾರ್ಜರ್ ಜೋಡಿಸಿದಾಗ ಏನಾಗುತ್ತದೆ ಎಂದು ಪರೀಕ್ಷಿಸದ ಡಬ್ಬಿ ನೇರ ಲೈನಿನಷ್ಟೇ ಅಪಾಯದ್ದಾಗಬಹುದು.

ಮೂರನೆಯದು, ವಿದ್ಯುತ್ ಸರಬರಾಜು ಮಾಡುವ ಸೆಸ್ಕ್. ಬೆಳೆ ತೆನೆಗೆ ಬರುವ ತಿಂಗಳುಗಳಲ್ಲಿ ಲೈನ್‌ಮನ್‌ಗಳು ಅರಣ್ಯ ಸಿಬ್ಬಂದಿಯ ಜೊತೆ ಪಂಪ್‌ಸೆಟ್ ಲೈನುಗಳನ್ನು ಒಮ್ಮೆ ನೋಡಿ ಬಂದರೆ ಕೊಕ್ಕೆಗಳು ಸಿಗುತ್ತವೆ. ಹಿಡಿದು ದಂಡ ಹಾಕುವುದಕ್ಕಿಂತ ಮೊದಲು ಬಿಚ್ಚಿಸಿ, ಬದಲಿ ಡಬ್ಬಿ ಎಲ್ಲಿ ಸಿಗುತ್ತದೆ ಎಂದು ಹೇಳುವ ವ್ಯವಸ್ಥೆ ಇರಬೇಕು. ಜೋತುಬಿದ್ದ ಲೈನುಗಳನ್ನು ಎತ್ತಿ ಕಟ್ಟುವುದಂತೂ ಅವರದೇ ಕೆಲಸ.

ನಾಲ್ಕನೆಯದು ನಮ್ಮದು, ಬರೆಯುವವರದು. ನೇರ ಲೈನಿನ ತಂತಿಗೆ 'ವಿದ್ಯುತ್ ಬೇಲಿ' ಎಂಬ ಮರ್ಯಾದಸ್ಥ ಹೆಸರು ಬೇಡ. 'ಅಕ್ರಮವಾಗಿ ಲೈನಿನಿಂದ ಎಳೆದ ತಂತಿ' ಎಂದು ಬರೆಯೋಣ. ಎನರ್ಜೈಸರ್ ಇರುವುದಕ್ಕೆ ಮಾತ್ರ 'ಸೋಲಾರ್ ಬೇಲಿ' ಎನ್ನೋಣ. ಸ್ಥಳಕ್ಕೆ ಹೋದಾಗ ಆ ತಂತಿ ಎಲ್ಲಿಂದ ಹೊರಟಿದೆ, ನಡುವೆ ಡಬ್ಬಿ ಇತ್ತೇ, ಇದ್ದರೆ ಕೆಲಸ ಮಾಡುತ್ತಿತ್ತೇ, ಕೆಟ್ಟಿದ್ದರೆ ಯಾವಾಗಿನಿಂದ, ರಿಪೇರಿಗೆ ಎಲ್ಲಿಗೆ ಹೋಗಬೇಕಿತ್ತು ಎಂದು ಕೇಳೋಣ. ಇದಕ್ಕೆ ಎಂಜಿನಿಯರಿಂಗ್ ಓದಿರಬೇಕಾಗಿಲ್ಲ, ತಂತಿಯನ್ನು ಅದರ ತುದಿಯವರೆಗೆ ಹಿಂಬಾಲಿಸಿದರೆ ಸಾಕು. ಸಹಾಯಧನದ ಬೇಲಿ ಉದ್ಘಾಟನೆಯ ಸುದ್ದಿ ಬರೆದವರು ಆರು ತಿಂಗಳ ಮೇಲೆ ಒಂದು ಮೀಟರ್ ಹಿಡಿದು ಅದೇ ಬೇಲಿಗೆ ವಾಪಸ್ ಹೋದರೆ ಅದೂ ಸುದ್ದಿಯೇ.

ಬಿಕ್ಕೋಡಿನ ಗದ್ದೆಯವನಿಗೂ ಅರಸೀಕೆರೆಯ ರಾಗಿ ಹೊಲದವನಿಗೂ ಬೆಳೆ ಕಾಯುವ ಹಕ್ಕಿದೆ. ಆ ಹಕ್ಕನ್ನು ಯಾರನ್ನೂ ಕೊಲ್ಲದೆ ಉಳಿಸಿಕೊಳ್ಳುವ ದಾರಿ ಇದೆ, ಅರವತ್ತು ವರ್ಷದಿಂದ ಇದೆ. ಲೆಕ್ಕ ಹಾಕಿದರೆ ಒಂದು ರಾತ್ರಿ ಆ ಡಬ್ಬಿ ನಡೆಸಲು ಬೇಕಾಗುವುದು ಸ್ಕೂಟರ್ ಬ್ಯಾಟರಿಯಲ್ಲಿ ಇರುವಷ್ಟು ಕರೆಂಟು. ಅಷ್ಟು ಸಣ್ಣ ಸಾಮಾನನ್ನು ಸರಿಯಾಗಿ ಕಟ್ಟಿಸಿ, ಪರೀಕ್ಷಿಸಿ, ಕೆಟ್ಟಾಗ ಮೂರು ದಿನದಲ್ಲಿ ರಿಪೇರಿ ಮಾಡಿಸಿಕೊಡುವುದು ಒಂದು ಜಿಲ್ಲಾಡಳಿತಕ್ಕೆ ಭಾರವಾಗಬಾರದು. ಮುಂದಿನ ಸುಗ್ಗಿಗೆ ಮೊದಲು ಹಾಸನ ಜಿಲ್ಲೆಯ ಬೇಲಿ ಯೋಜನೆಯ ಪಟ್ಟಿಯಲ್ಲಿ ಕಂಬ, ತಂತಿಯ ಜೊತೆಗೆ ಡಬ್ಬಿ, ಅರ್ಥಿಂಗ್, ರಿಪೇರಿ ಎಂಬ ಮೂರು ಸಾಲು ಸೇರಲಿ. ನಾವು ಅದನ್ನೇ ಕೇಳುತ್ತಿರೋಣ.